ಅಂಜುವ ನಾಯಿ: ಭಯದ ಮೂಲ ಪತ್ತೆಹಚ್ಚಿ ಧೈರ್ಯ ಬೆಳೆಸಲು ಒಂದು ಕೈಪಿಡಿ

ಬಾಗಿಲ ಗಂಟೆ ಬಾರಿಸಿದರೆ ಮಂಚದಡಿ ಸೇರುವ ನಾಯಿ, ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿ ಕಾಲೂರಿ ನಿಂತುಬಿಡುವ ನಾಯಿ, ಯಾರಾದರೂ ಕೈ ಎತ್ತಿದರೆ ಸಾಕು ನೆಲಕ್ಕೆ ಅಂಟಿಕೊಳ್ಳುವ ನಾಯಿ. ಇಂಥ ನಾಯಿ ಸಾಕಿದವರಿಗೆ ಸಲಹೆಗೇನೂ ಬರವಿಲ್ಲ. "ತಿಂಡಿ ಹಾಕಿ, ಸರಿಹೋಗುತ್ತೆ" ಅನ್ನುತ್ತಾರೆ. "ನಾಲ್ಕು ಜನರ ಮಧ್ಯೆ ಬಿಡಿ, ರೂಢಿಯಾಗುತ್ತೆ" ಅನ್ನುತ್ತಾರೆ. ಇದನ್ನೆಲ್ಲ ಮಾಡಿ ನೋಡಿ, ತಿಂಗಳುಗಟ್ಟಲೆ ಕಾದು, ನಾಯಿ ಇದ್ದಲ್ಲೇ ಇದೆ ಎಂದು ಕೈಚೆಲ್ಲಿ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಂಡಂತೆ, ಪ್ರಯತ್ನ ಕೈಗೂಡದಿರಲು ಹೆಚ್ಚಿನ ಸಲ ಕಾರಣ ನಾಯಿಯ ಸ್ವಭಾವವಲ್ಲ. ಹೆದರಿಸುವ ವಸ್ತುವಿಗೂ ನಾಯಿಗೂ ನಡುವೆ ನಾವು ಬಿಟ್ಟ ಅಂತರ ಸಾಕಾಗಿರುವುದಿಲ್ಲ. ಇಲ್ಲವೇ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಲೆಕೆಳಗಾಗಿರುತ್ತದೆ. ಎರಡನ್ನೂ ಸರಿಪಡಿಸಬಹುದು. ಆದರೆ ಅದಕ್ಕೂ ಮುಂಚೆ ನೋಡಬೇಕಾದ್ದು ಒಂದಿದೆ.

ಮೊದಲು ಮೈಯಲ್ಲಿ ನೋವಿದೆಯೇ ನೋಡಿ

ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಅಂಜತೊಡಗಿದ್ದರೆ ತರಬೇತಿಯ ಮಾತು ಸದ್ಯಕ್ಕೆ ಬೇಡ. ಪಶುವೈದ್ಯರಿಗೆ ತೋರಿಸಿ. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕು, ಮಂದವಾಗುತ್ತಿರುವ ಕಣ್ಣು, ಕಡಿಮೆಯಾಗುತ್ತಿರುವ ಶ್ರವಣಶಕ್ತಿ, ಇವೆಲ್ಲ ಹೊರಗೆ ಕಾಣುವುದು ಪುಕ್ಕಲುತನದ ರೂಪದಲ್ಲೇ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದ ಪ್ರಕಾರ, ವರ್ತನೆಯ ತೊಂದರೆಯೆಂದು ತಜ್ಞರ ಬಳಿ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದಕ್ಕೆ ಯಾವುದೋ ಒಂದು ನೋವು ಇರುತ್ತದೆ.

ಸದ್ದಿಗೆ ಹೆದರುವ ನಾಯಿಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸದ್ದಿಗೆ ಬೆಚ್ಚಿಬಿದ್ದಾಗ ಮಾಂಸಖಂಡಗಳು ಬಿಗಿಯುತ್ತವೆ. ಮೊದಲೇ ನೋಯುತ್ತಿದ್ದ ಕೀಲು ಆಗ ಚುಳ್ ಎನ್ನುತ್ತದೆ. ನಾಯಿಯ ಲೆಕ್ಕದಲ್ಲಿ ಸದ್ದೇ ನೋವು ಕೊಟ್ಟಂತಾಯಿತು. 2018ರ ಒಂದು ಅಧ್ಯಯನದಲ್ಲಿ, ನೋವಿದ್ದ ನಾಯಿಗಳಿಗೆ ಸದ್ದಿನ ಭಯ ಶುರುವಾದದ್ದು ನೋವಿಲ್ಲದ ನಾಯಿಗಳಿಗಿಂತ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ. ಅಂದರೆ ನಡುವಯಸ್ಸಿನಲ್ಲಿ ಹೊಸದಾಗಿ ಸದ್ದಿಗೆ ಹೆದರತೊಡಗಿದ ನಾಯಿಯ ಸೊಂಟ, ಮೊಣಕಾಲು, ಬೆನ್ನು ಪರೀಕ್ಷೆ ಮಾಡಿಸಲೇಬೇಕು.

ಮನೆಯಲ್ಲೇ ಗಮನಿಸಬಹುದಾದ ಸುಳಿವುಗಳಿವೆ. ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ಯೋಚಿಸುತ್ತದೆಯೇ? ಕೂರುವಾಗ ಒಂದೇ ಕಡೆಗೆ ವಾಲುತ್ತದೆಯೇ? ಎಡಗಡೆಯಿಂದ ಮುಟ್ಟಿದರೆ ಸುಮ್ಮನಿದ್ದು ಬಲಗಡೆಯಿಂದ ಮುಟ್ಟಿದರೆ ತಿರುಗಿ ನೋಡುತ್ತದೆಯೇ? ವಯಸ್ಸಾದ ನಾಯಿ ರಾತ್ರಿಯೆಲ್ಲ ಅಲೆಯುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹೊರಬರಲು ತೋಚದೆ ನಿಲ್ಲುವುದು ಮಾಡುತ್ತಿದ್ದರೆ ಅದು ಮಿದುಳಿನ ಮುಪ್ಪೂ ಇರಬಹುದು. ಇವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಗಾಬರಿಗೆ ಮೈ ಬಿಗಿಹಿಡಿದ ನಾಯಿ ತನ್ನ ಕುಂಟನ್ನು ತೋರಿಸದೇ ಹೋಗಬಹುದು.

ನಿಜಕ್ಕೂ ಯಾವುದಕ್ಕೆ ಹೆದರುತ್ತಿದೆ?

ನಮ್ಮ ಚಿಕ್ಕಿ ಮನೆಗೆ ಬಂದಾಗ ಸುಮಾರು ಎರಡು ವರ್ಷದವಳು. ಗಂಡಸರನ್ನು ಕಂಡರೆ ಆಗದು ಎಂದು ಕೊಟ್ಟವರು ಹೇಳಿದ್ದರು, ನಾವೂ ನಂಬಿದೆವು. ಆರು ತಿಂಗಳು ಗಂಡಸರನ್ನೇ ಕರೆಸಿ ಅಭ್ಯಾಸ ಮಾಡಿಸಿದೆವು. ಒಂದು ದಿನ ಒಪ್ಪುತ್ತಿದ್ದಳು, ಮರುದಿನ ಅದೇ ಮನುಷ್ಯನನ್ನು ಕಂಡು ಓಡುತ್ತಿದ್ದಳು. ಕೊನೆಗೆ ಒಂದು ನೋಟ್‌ಬುಕ್ ಇಟ್ಟೆ. ಹೆದರಿದಾಗಲೆಲ್ಲ ಹೊತ್ತು, ಜಾಗ, ಎದುರಿಗೆ ಏನಿತ್ತು, ಎಷ್ಟು ದೂರದಲ್ಲಿತ್ತು, ಅದಕ್ಕೂ ಹತ್ತು ನಿಮಿಷ ಮುಂಚೆ ಏನಾಗಿತ್ತು, ಇಷ್ಟನ್ನು ಬರೆಯುತ್ತಾ ಹೋದೆ. ಮೂರನೇ ವಾರ ಪುಟ ತಿರುವಿದಾಗ ಕಂಡದ್ದು ಬೇರೆಯೇ. ಹೆದರಿದ ಸಲವೆಲ್ಲ ಎದುರಿದ್ದವರ ಕೈಯಲ್ಲಿ ಏನೋ ಒಂದು ತೂಗುತ್ತಿತ್ತು: ಹೆಲ್ಮೆಟ್, ಛತ್ರಿ, ಬಟ್ಟೆಯ ಚೀಲ. ಬರಿಗೈಯಲ್ಲಿ ಬಂದ ಗಂಡಸರ ಹತ್ತಿರ ಅವಳು ಆರಾಮಾಗಿದ್ದಳು. ಚೀಲ ಹಿಡಿದು ಬಂದ ಹೆಂಗಸನ್ನು ಕಂಡು ಮಂಚದಡಿ ಸೇರಿದ್ದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆರು ತಿಂಗಳು ತಪ್ಪು ಪಾಠ ಹೇಳಿಕೊಟ್ಟಿದ್ದೆವು.

ಆದ್ದರಿಂದ ಎರಡು ವಾರ ಏನನ್ನೂ ಕಲಿಸಬೇಡಿ, ಬರೆಯಿರಿ. ಬರೆಯಬೇಕಾದರೆ ಭಯದ ಮೊದಲ ಗುರುತು ಕಣ್ಣಿಗೆ ಬೀಳಬೇಕು. ಬಾಲ ಕಾಲ ನಡುವೆ ಹೋಗುವುದು, ನಡುಗುವುದು, ಗುರ್ರೆನ್ನುವುದು ಇವೆಲ್ಲ ತಡವಾಗಿ ಕಾಣುವಂಥವು. ಅದಕ್ಕೆ ಬಹಳ ಮುಂಚೆ ನಾಯಿ ಬಾಯಿ ಮುಚ್ಚುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಮುಖ ಆಚೆ ತಿರುಗಿಸಿಕೊಂಡೂ ಕಣ್ಣು ಮಾತ್ರ ಇತ್ತಲೇ ನೆಟ್ಟು, ಬಿಳಿಗುಡ್ಡೆ ಅರ್ಧಚಂದ್ರದ ಹಾಗೆ ಕಾಣುತ್ತದೆ. ಮುಂಗಾಲೊಂದು ಮೇಲೇಳುತ್ತದೆ. ಮೈ ಒದ್ದೆಯಾಗದಿದ್ದರೂ ಕೊಡವಿಕೊಳ್ಳುತ್ತದೆ. ನಯವಾದ ನೆಲದ ಮೇಲೆ ಬೆವರಿದ ಪಾದದ ಗುರುತು ಮೂಡುವುದೂ ಉಂಟು. ಇವುಗಳಲ್ಲಿ ಮೊದಲನೆಯದು ಯಾವ ದೂರದಲ್ಲಿ ಕಾಣಿಸಿತೋ ಅದೇ ನಿಮ್ಮ ಗಡಿ. ಅದನ್ನು ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳಿ. ಎಲ್ಲ ಅಭ್ಯಾಸವೂ ಈ ಗಡಿಯಿಂದ ಆಚೆಗೇ ನಡೆಯಬೇಕು.

"ಯಾರೋ ಹೊಡೆದಿರಬೇಕು" ಎಂಬ ಊಹೆಯ ಬಗ್ಗೆ

ಅಂಜುವ ನಾಯಿಯನ್ನು ಕಂಡರೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ಇರಲೂಬಹುದು. ಆದರೆ ಎಷ್ಟೋ ನಾಯಿಗಳಿಗೆ ಯಾರೂ ಏನೂ ಮಾಡಿರುವುದಿಲ್ಲ, ತೊಂದರೆ ಅಲ್ಲೇ ಇದೆ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಾನುಗಟ್ಟಲೆ ಮರಿಗಳನ್ನು ಗಮನಿಸಿ ಕಂಡುಕೊಂಡದ್ದು, ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನೆಲ್ಲ ಸಲೀಸಾಗಿ ಒಪ್ಪಿಕೊಳ್ಳುತ್ತದೆ ಎಂದು. 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 14 ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಮನುಷ್ಯರಿಗೆ ಹೊಂದಿಕೊಳ್ಳಲೇ ಇಲ್ಲ. ಆ ವಾರಗಳಲ್ಲಿ ಮಕ್ಕಳನ್ನು ನೋಡದ ಮರಿಗೆ ಮಗು ಎಂಬುದು ದೊಡ್ಡದಾದ ಮೇಲೂ ವಿಚಿತ್ರ ಪ್ರಾಣಿ. ಅಂಜುಬುರುಕ ತಾಯಿಯ ರಕ್ತವೂ ಸ್ವಲ್ಪ ಮಟ್ಟಿಗೆ ಇಳಿದು ಬರುತ್ತದೆ.

ಇದು ತಿಳಿದಿದ್ದರೆ ಗುರಿ ಇಡುವುದು ಸುಲಭ. ಒಂದು ಕೆಟ್ಟ ಘಟನೆಯಿಂದ ಹೆದರಿದ ನಾಯಿ ಮೊದಲಿನಂತಾಗಬಹುದು. ಮರಿತನದಲ್ಲಿ ಏನನ್ನೂ ಕಾಣದ ನಾಯಿಗೆ ಮರಳಿ ಹೋಗಲು ಮೊದಲಿನ ಸ್ಥಿತಿ ಎಂಬುದೇ ಇಲ್ಲ. ಅದಕ್ಕೆ ಒಂದೊಂದನ್ನೂ ಹೊಸದಾಗಿ ಪರಿಚಯಿಸಬೇಕು. ಜನಜಂಗುಳಿಯಲ್ಲಿ ಬಾಲ ಆಡಿಸುತ್ತ ಓಡಾಡುವ ನಾಯಿ ಅದಾಗದೇ ಹೋಗಬಹುದು. ಆದರೂ ತನ್ನ ಮನೆ, ತನ್ನ ಬೀದಿ, ತನ್ನ ಹತ್ತಾರು ಜನರ ನಡುವೆ ನೆಮ್ಮದಿಯಾಗಿ ಬಾಳಬಲ್ಲುದು.

ತಿಂಡಿಯನ್ನು ಮೂಸಿಯೂ ನೋಡುವುದಿಲ್ಲ

ಹಸಿದ ನಾಯಿ ಪ್ರೀತಿಯ ತಿಂಡಿಯನ್ನೂ ಬಿಟ್ಟರೆ ಹಟವೆಂದು ತಿಳಿಯಬೇಡಿ. ಗಡಿ ದಾಟಿ ಒಳಗೆ ಬಂದಿದ್ದೀರಿ, ಅಷ್ಟೆ. ಹಿಂದಕ್ಕೆ ಹೋಗಿ. ಎಷ್ಟು ಹಿಂದಕ್ಕೆ? ತಿಂಡಿ ತೆಗೆದುಕೊಳ್ಳುವ ಬಾಯಿಯೇ ಹೇಳುತ್ತದೆ. ನಿರಾಳವಾಗಿರುವ ನಾಯಿ ತುಟಿಯಿಂದ ಮೆಲ್ಲಗೆ ಎತ್ತಿಕೊಳ್ಳುತ್ತದೆ. ಅಳುಕು ಹೆಚ್ಚಿದಂತೆ ಹಲ್ಲು ಬೆರಳಿಗೆ ತಾಗತೊಡಗುತ್ತದೆ, ಕಿತ್ತುಕೊಂಡ ಹಾಗೆ ಕಸಿಯುತ್ತದೆ. ಇನ್ನೂ ಹೆಚ್ಚಿದರೆ ಬಾಯಿಗೆ ತೆಗೆದುಕೊಂಡು ಕೆಳಗೆ ಉದುರಿಸುತ್ತದೆ, ಆಮೇಲೆ ಮುಟ್ಟುವುದೇ ಇಲ್ಲ. ಬೆರಳಿಗೆ ಹಲ್ಲು ತಾಗಿದ ಕೂಡಲೇ ದೂರ ಹೆಚ್ಚಿಸುವುದನ್ನು ರೂಢಿ ಮಾಡಿಕೊಂಡರೆ ಉಳಿದ ಎರಡು ಹಂತ ನೋಡುವ ಪ್ರಮೇಯ ಬರುವುದಿಲ್ಲ.

ಈ ವಿಧಾನ ಹೊಸದೇನಲ್ಲ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಭಯ ಬಿಡಿಸಿದ್ದು ಹೀಗೆಯೇ. ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಟ್ಟು, ಅವನ ಊಟ ಕೆಡದಷ್ಟೇ ಹತ್ತಿರ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿದ. ಊಟ ಕೆಡದಷ್ಟು ಹತ್ತಿರ ಎಂಬ ಆ ಅಳತೆ ನಾಯಿಗೂ ಅಷ್ಟೇ ಸಲ್ಲುತ್ತದೆ.

ತಿಂಡಿಯೇನೋ ತಿನ್ನುತ್ತದೆ, ಭಯ ಮಾತ್ರ ಹಾಗೇ ಇದೆ

ಇಲ್ಲಿ ಕ್ರಮ ತಪ್ಪಿರುತ್ತದೆ. ಚಿಕ್ಕಿಯ ವಿಷಯದಲ್ಲಿ ನನಗೆ ಇದು ಅರ್ಥವಾದದ್ದು ಒಂದು ಪ್ಲಾಸ್ಟಿಕ್ ಪೊಟ್ಟಣದಿಂದ. ಯಾರೋ ಬರುತ್ತಾರೆ ಎಂದಾಗ ನಾನು ಮುಂಚಿತವಾಗಿ ಕಪಾಟಿನಿಂದ ಪೊಟ್ಟಣ ತೆಗೆದು, ನಾಲ್ಕು ಚೂರು ಅವಳಿಗೆ ಕೊಟ್ಟು, ಆಮೇಲೆ ಬಾಗಿಲು ತೆಗೆಯುತ್ತಿದ್ದೆ. ಅವಳ ಮನಸ್ಸು ಗಟ್ಟಿಯಾಗಲಿ ಎಂಬುದು ನನ್ನ ಆಸೆ. ಒಂದು ಸಂಜೆ ಯಾರೂ ಬರುವವರಿರಲಿಲ್ಲ, ಸುಮ್ಮನೆ ಪೊಟ್ಟಣ ತೆಗೆದೆ. ಪರಪರ ಸದ್ದಿಗೆ ಕಿವಿ ಹಿಂದಕ್ಕೆ ಅಂಟಿತು, ಬಾಗಿಲ ಕಡೆ ಒಮ್ಮೆ ನೋಡಿದಳು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಗ್ಗಿ ಮಂಚದಡಿ ಹೋದಳು. ತಿಂಡಿ ಬಂತೆಂದರೆ ಹಿಂದೆಯೇ ಅಪರಿಚಿತರು ಬರುತ್ತಾರೆ ಎಂದು ನಾನೇ ಕಲಿಸಿಬಿಟ್ಟಿದ್ದೆ.

ಹೆದರಿಸುವ ವಸ್ತು ಮೊದಲು ಕಾಣಬೇಕು. ನಾಯಿ ಅದನ್ನು ನೋಡಿದ್ದು ನಿಮಗೆ ಖಾತ್ರಿಯಾದ ಮೇಲೆ, ಒಂದೆರಡು ಸೆಕೆಂಡಿನೊಳಗೆ ತಿಂಡಿ ಬರಬೇಕು. ಅದು ಮರೆಯಾದ ಕೂಡಲೇ ತಿಂಡಿಯೂ ನಿಲ್ಲಬೇಕು. ಕೈ ಜೇಬಿಗೆ ಹೋಗುವುದು, ಪೊಟ್ಟಣ ಸದ್ದಾಗುವುದು, ನಿಮ್ಮ ಉಸಿರು ಬಿಗಿಯಾಗುವುದು ಇವು ಯಾವುವೂ ಮುಂಚೆ ನಡೆಯಬಾರದು. ಸದ್ದು ಮಾಡದ ಡಬ್ಬಿಯಲ್ಲಿ ತಿಂಡಿ ಇಡಿ. ಆಗಾಗ ಏನೂ ಇಲ್ಲದಾಗಲೂ ಆ ಡಬ್ಬಿಯನ್ನು ಕೈಗೆತ್ತಿಕೊಂಡು ಸುಮ್ಮನೆ ಕೆಳಗಿಡಿ. ಕ್ರಮ ಸರಿಯಾಗಿದೆ ಎನ್ನುವುದಕ್ಕೆ ಗುರುತು ಒಂದೇ: ಹೆದರಿಸುವ ವಸ್ತುವನ್ನು ಕಂಡ ನಾಯಿ ತಾನಾಗಿ ತಿರುಗಿ ನಿಮ್ಮ ಮುಖ ನೋಡುತ್ತದೆ, "ಎಲ್ಲಿ ನನ್ನ ಚೂರು?" ಎಂಬ ಹಾಗೆ. ಆ ತಿರುಗುವಿಕೆ ಬರುವ ಮುಂಚೆ ಒಂದು ಹೆಜ್ಜೆಯೂ ಹತ್ತಿರ ಹೋಗಬೇಡಿ.

ಇದೇ ತಪ್ಪಿನ ಇನ್ನೊಂದು ರೂಪ, ಬಂದವರ ಕೈಯಿಂದ ತಿಂಡಿ ಕೊಡಿಸುವುದು. ಹಿಂಗಾಲು ಓಡಲು ಸಿದ್ಧವಾಗಿದ್ದು, ಕತ್ತು ಮಾತ್ರ ಉದ್ದವಾಗಿ ಚಾಚಿ ತಿಂಡಿ ಎತ್ತಿಕೊಳ್ಳುವ ನಾಯಿಯನ್ನು ನೀವು ನೋಡಿರಬಹುದು. ಆಸೆ ಅದನ್ನು ಎಳೆದು ತಂದಿದೆ, ಧೈರ್ಯವಲ್ಲ. ಚೂರು ನುಂಗಿದ ಮರುಕ್ಷಣ ಅಪರಿಚಿತನ ಮಗ್ಗುಲಲ್ಲೇ ನಿಂತಿರುವುದು ಅರಿವಾಗಿ ಗಾಬರಿಯಾಗುತ್ತದೆ, ಕೆಲವು ಸಲ ಕಚ್ಚುತ್ತದೆ. ಬಂದವರು ನಾಯಿಯ ಹಿಂದಕ್ಕೆ, ದೂರಕ್ಕೆ ಚೂರು ಎಸೆಯಲಿ. ಅದನ್ನು ತಿನ್ನಲು ನಾಯಿ ದೂರ ಹೋಗಬೇಕು, ಹೋದಾಗ ನೆಮ್ಮದಿಯೂ ಸಿಗುತ್ತದೆ. ತಿಂದು ಮುಗಿಸಿ ತಿರುಗಿ ಬಂದರೆ ಎಷ್ಟು ಹತ್ತಿರ ಬರಬೇಕೆಂಬುದು ಅದರದೇ ತೀರ್ಮಾನ. ಎಸೆಯುವವರು ಪಕ್ಕಕ್ಕೆ ತಿರುಗಿ ಕೂತಿರಲಿ, ಕಣ್ಣಲ್ಲಿ ಕಣ್ಣಿಡದಿರಲಿ, ತಲೆಯ ಮೇಲೆ ಕೈ ತರದಿರಲಿ.

ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆಯೇ ಎಂದು ತುಂಬ ಜನ ಕೇಳುತ್ತಾರೆ. ಇಲ್ಲ. ಭಯ ಒಂದು ಭಾವ, ಬಹುಮಾನದ ಆಸೆಗೆ ಮಾಡುವ ಕೆಲಸವಲ್ಲ. ಹೆದರಿ ನಿಮ್ಮ ಹತ್ತಿರ ಬಂದ ನಾಯಿಗೆ ಮೈತಾಗಿಸಿ ಕೂರಲು ಬಿಡಿ. ನೀವು ಗಾಬರಿಯಾಗದಿದ್ದರೆ ಸಾಕು.

ನಿನ್ನೆ ಚೆನ್ನಾಗಿತ್ತು, ಇವತ್ತು ಎಲ್ಲ ಹಾಳು

ನೋಟ್‌ಬುಕ್ಕಿನ "ಹತ್ತು ನಿಮಿಷ ಮುಂಚೆ" ಎಂಬ ಕಾಲಂ ಉಪಯೋಗಕ್ಕೆ ಬರುವುದು ಇಲ್ಲಿ, ಅಷ್ಟೇ ಅಲ್ಲ, ಹಿಂದಿನ ದಿನದ ಪುಟವೂ. ಬೆಳಿಗ್ಗೆ ಉಗುರು ಕತ್ತರಿಸಿದ್ದು, ಮಧ್ಯಾಹ್ನ ಪಕ್ಕದ ಮನೆಯಲ್ಲಿ ಗೋಡೆ ಕೊರೆದದ್ದು, ಸಂಜೆ ಮಕ್ಕಳ ಗಲಾಟೆ. ಒಂದೊಂದನ್ನೂ ತಡೆದುಕೊಳ್ಳಬಲ್ಲ ನಾಯಿ ಮೂರೂ ಒಂದರ ಮೇಲೊಂದು ಬಿದ್ದಾಗ ಕುಸಿಯುತ್ತದೆ. ಅಂಥ ದಿನದ ಮಾರನೇ ದಿನ ಅಭ್ಯಾಸಕ್ಕೆ ರಜೆ ಕೊಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಒಂದು ಸುತ್ತು, ಮೂಸಲು ಬೇಕಾದಷ್ಟು ಸಮಯ, ನಿದ್ದೆ, ಅಷ್ಟೇ ಸಾಕು.

ಗಲಾಟೆಯಿಲ್ಲ, ಓಟವಿಲ್ಲ, ಸುಮ್ಮನಾಗಿಬಿಟ್ಟಿದೆ

ಇದು ನನಗೆ ಎಲ್ಲಕ್ಕಿಂತ ಕಳವಳ ತರುವ ಲಕ್ಷಣ, ಏಕೆಂದರೆ ಮನೆಯವರು ಇದನ್ನೇ ಗೆಲುವೆಂದು ತಿಳಿಯುತ್ತಾರೆ. ಜನರ ನಡುವೆ ಎಳೆದೊಯ್ದ ನಾಯಿ ಮೊದಲು ಒದ್ದಾಡಿ, ಆಮೇಲೆ ನಿಂತಲ್ಲೇ ನಿಂತಿರುತ್ತದೆ. ಯಾರು ಸವರಿದರೂ ಅಲುಗದು, ರೆಪ್ಪೆ ಬಡಿಯುವುದೂ ಕಡಿಮೆ. "ನೋಡಿ, ಒಗ್ಗಿಹೋಯಿತು" ಎಂದು ಸುತ್ತಲಿದ್ದವರು ಹೇಳುತ್ತಾರೆ.

1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ, ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು ಆಮೇಲೆ ಒಂದು ಗಿಡ್ಡ ತಡೆಯನ್ನು ಹಾರಿ ಪಾರಾಗುವ ಅವಕಾಶವಿದ್ದರೂ ಹಾರಲಿಲ್ಲ, ಮಲಗಿ ಸಹಿಸಿದವು. ಕ್ರೂರವಾದ ಪ್ರಯೋಗ. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅವರಿಬ್ಬರೇ ಮಿದುಳಿನ ಹೊಸ ಅಧ್ಯಯನಗಳನ್ನು ಮುಂದಿಟ್ಟುಕೊಂಡು, ನಾಯಿಗಳು ಅಸಹಾಯಕತೆಯನ್ನು ಕಲಿತವು ಎಂಬ ತಮ್ಮ ಹಳೆಯ ವಿವರಣೆಯನ್ನು ತಿರುಗಿಸಿದರು. ದೀರ್ಘ ಕಷ್ಟದಲ್ಲಿ ನಿಷ್ಕ್ರಿಯವಾಗುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಪ್ರಾಣಿ ಕಲಿಯುವುದು, ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬುದನ್ನು.

ಅಂಜುವ ನಾಯಿಗೆ ಕೊಡಬೇಕಾದದ್ದೂ ಆ ಹಿಡಿತವೇ. ತಾನು ಮುಖ ತಿರುಗಿಸಿದರೆ ಮನುಷ್ಯ ಕೈ ಹಿಂತೆಗೆಯುತ್ತಾನೆ, ತಾನು ಹಿಂದೆ ಸರಿದರೆ ಹಗ್ಗ ಎಳೆಯುವುದಿಲ್ಲ, ತನ್ನ ಜಾಗಕ್ಕೆ ಹೋದರೆ ಯಾರೂ ಅಲ್ಲಿಗೆ ಬರುವುದಿಲ್ಲ. ಸವರುವಾಗ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ನಾಯಿ ಒರಗುತ್ತದೆ, ಮೂಗಿನಿಂದ ಕೈ ತಿವಿಯುತ್ತದೆ. ಸುಮ್ಮನೆ ನಿಂತಿದ್ದರೆ ಅದು ಒಪ್ಪಿಗೆಯಲ್ಲ. ಮನೆಯಲ್ಲಿ ಒಂದು ಮೂಲೆಯನ್ನು ಅದಕ್ಕೆಂದೇ ಬಿಡಿ. ಅಲ್ಲಿರುವಾಗ ಔಷಧಿ ಹಾಕಲು, ಸ್ನಾನಕ್ಕೆ, ಮುದ್ದಿಗೆ ಕೂಡ ಎತ್ತಬೇಡಿ.

ಇದಕ್ಕಿಂತ ಸಂತೋಷದ ದಾರಿ ಮೂಗಿನ ಆಟ. ಹಳೆಯ ಟವೆಲ್ಲಿನಲ್ಲಿ ತಿಂಡಿ ಸುತ್ತಿಡಿ, ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹರಡಿ ಒಂದೆರಡರಲ್ಲಿ ಚೂರು ಅಡಗಿಸಿ. ಚಿಕ್ಕಿ ಮೊದಲ ದಿನ ಪೆಟ್ಟಿಗೆಯ ಅಂಚಿಗೆ ಮೂಗು ತಾಗಿ ಅದು ಜರುಗಿದ್ದಕ್ಕೇ ಹಿಂದೆ ಹಾರಿದ್ದಳು. ಅದಕ್ಕೆ ಅಂಚು ಕತ್ತರಿಸಿ ತಟ್ಟೆಯಷ್ಟು ಗಿಡ್ಡ ಮಾಡಿದೆ. ಎರಡು ವಾರಕ್ಕೆ ತಲೆಯನ್ನು ಪೂರ್ತಿ ಒಳಗೆ ತೂರಿಸಿ, ಪೆಟ್ಟಿಗೆಯನ್ನೇ ಹೊತ್ತುಕೊಂಡು ಕೋಣೆ ಸುತ್ತತೊಡಗಿದಳು. ಸದ್ದು ಮಾಡಿದ್ದು ತಾನೇ ಎಂದು ಗೊತ್ತಿದ್ದ ಸದ್ದು ಅವಳನ್ನು ಹೆದರಿಸಲಿಲ್ಲ. ಶಾರ್ಲೆಟ್ ದುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಎರಡು ವಾರ ಮೂಗಿನ ಕೆಲಸ ಮಾಡಿದ ನಾಯಿಗಳನ್ನು ಮಾಲೀಕರ ಕಾಲಬದಿ ನಡೆಯುವುದನ್ನು ಕಲಿತ ನಾಯಿಗಳ ಜತೆ ಹೋಲಿಸಿದರು. ತಿಂಡಿ ಇದೆಯೋ ಇಲ್ಲವೋ ತಿಳಿಯದ ಬಟ್ಟಲಿನತ್ತ ಮೂಗಿನ ಕೆಲಸದ ನಾಯಿಗಳು ಮೊದಲಿಗಿಂತ ಬೇಗ ಹೋಗತೊಡಗಿದವು, ಒಳ್ಳೆಯದೇ ಸಿಕ್ಕೀತೆಂಬ ನಿರೀಕ್ಷೆ ಹೆಚ್ಚಿದ ಹಾಗೆ. ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ.

ಗುರ್ರೆನ್ನುತ್ತದೆ

ಗದರಿಸಬೇಡಿ. ಗುರ್ರೆಂದದ್ದಕ್ಕೆ ಪೆಟ್ಟು ತಿಂದ ನಾಯಿ ಗುರ್ರೆನ್ನುವುದನ್ನು ಬಿಡುತ್ತದೆ, ಹೆದರುವುದನ್ನಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಆ ಕ್ಷಣಕ್ಕೆ ಜಾಗ ಬಿಟ್ಟು ಸರಿಯಿರಿ, ದೂರವನ್ನು ಬರೆದುಕೊಳ್ಳಿ. ಕತ್ತು ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ವಿದ್ಯುತ್ ಪಟ್ಟಿ ಇವು ಅಂಜುವ ನಾಯಿಯ ಮನೆಯೊಳಗೇ ಬರಬಾರದು.

ಸದ್ದಿಗೆ, ನೆಲಕ್ಕೆ, ಒಂದು ಕೋಣೆಗೆ ಮಾತ್ರ ಹೆದರುತ್ತದೆ

ನಾವು ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ, ನಾಯಿ ಸುಮಾರು 45,000ದವರೆಗೆ ಕೇಳಬಲ್ಲುದು. ಒಂದು ಕೋಣೆಗೆ ಮಾತ್ರ ಕಾಲಿಡದಿದ್ದರೆ ಅಲ್ಲಿನ ವಿದ್ಯುತ್ ಉಪಕರಣಗಳನ್ನು ಒಂದೊಂದಾಗಿ ಆರಿಸಿ ನೋಡಿ. ಬ್ಯಾಟರಿ ಮುಗಿಯುತ್ತಿರುವ ಹೊಗೆ ಸೂಚಕದ ಕೀಚಲು ಸದ್ದು ಎಷ್ಟೋ ನಾಯಿಗಳನ್ನು ನಡುಗಿಸುತ್ತದೆ. ನುಣುಪು ನೆಲಕ್ಕೆ ಹೆದರುವ ನಾಯಿಯ ಉಗುರು ನೋಡಿ, ಪಾದದಡಿ ಬೆಳೆದ ಕೂದಲು ಕತ್ತರಿಸಿ, ಜಾರದ ಚಾಪೆಗಳನ್ನು ಹಾದಿಯಂತೆ ಹಾಸಿ. ಹೆಚ್ಚಿನ ಸಲ ಇಷ್ಟರಲ್ಲೇ ಬಗೆಹರಿಯುತ್ತದೆ.

ಗುಡುಗು, ಪಟಾಕಿ ಅಷ್ಟು ಸುಲಭವಲ್ಲ. ಧ್ವನಿಮುದ್ರಣವನ್ನು ನಾಯಿ ಕಿವಿ ನಿಮಿರಿಸಿ ಸುಮ್ಮನಾಗುವಷ್ಟು ಸಣ್ಣಗೆ ಹಾಕಿ, ವಾರಗಳ ಮೇಲೆ ಮೆಲ್ಲಗೆ ಏರಿಸಬಹುದು, ಪ್ರತಿ ಸಲ ಸದ್ದಿನ ಹಿಂದೆಯೇ ತಿಂಡಿ. ಆದರೆ ಗುಡುಗಿಗೆ ಮಿಂಚಿದೆ, ಗಾಳಿಯಿದೆ, ನೆಲದ ಕಂಪನವಿದೆ, ಮುದ್ರಣದಲ್ಲಿ ಅವು ಯಾವುವೂ ಇಲ್ಲ. ನಿಜವಾದ ಗುಡುಗಿನ ದಿನ ಪಾಠ ಬೇಡ. ಕಿಟಕಿ ಮುಚ್ಚಿ, ಪರದೆ ಎಳೆದು, ಅದರ ಜಾಗದಲ್ಲಿ ಜತೆಗಿರಿ. ಪಟಾಕಿಯ ದಿನ ಹೊರಗೆ ಕರೆದೊಯ್ಯಲೇಬೇಕಿದ್ದರೆ ಕತ್ತಿನ ಪಟ್ಟಿಗೂ ಎದೆಯ ಹಾರ್ನೆಸ್ಸಿಗೂ ಎರಡು ಹಗ್ಗ ಕಟ್ಟಿ. ಬೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕತ್ತಿನ ಪಟ್ಟಿ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಎರಡು ತಿಂಗಳಾದರೂ ಗಡಿ ಒಂದು ಹೆಜ್ಜೆಯೂ ಒಳಗೆ ಬಂದಿಲ್ಲ

ಅಂತರ ಸರಿಯಿದೆ, ಕ್ರಮ ಸರಿಯಿದೆ, ನೋವಿಲ್ಲ, ಆದರೂ ನಾಯಿ ನಿದ್ದೆ ಬಿಡುತ್ತಿದೆ, ಊಟ ಬಿಡುತ್ತಿದೆ ಎಂದರೆ ಔಷಧದ ಮಾತು ಎತ್ತುವ ಹೊತ್ತು. ಇದಕ್ಕೆ ನಾಚಿಕೆ ಬೇಡ. ಗಾಬರಿಯಲ್ಲಿ ಮುಳುಗಿದ ಮಿದುಳು ಹೊಸದನ್ನು ಕಲಿಯಲಾರದು. ಮನೆಯವರು ಬಿಟ್ಟುಹೋದಾಗ ನಾಯಿಗಳಿಗಾಗುವ ಆತಂಕಕ್ಕೆ ಫ್ಲುಆಕ್ಸೆಟಿನ್ ಬಳಸಲು ಅಮೆರಿಕದಲ್ಲಿ 2007ರಲ್ಲೂ, ಸದ್ದಿನ ಭಯಕ್ಕೆ ಡೆಕ್ಸ್‌ಮೆಡಿಟೊಮಿಡಿನ್ ಜೆಲ್ ಬಳಸಲು 2015ರಲ್ಲೂ ಒಪ್ಪಿಗೆ ಸಿಕ್ಕಿದೆ. ಮೊದಲನೆಯದು ಕೆಲಸ ಮಾಡಲು ವಾರಗಳು ಬೇಕು, ಎರಡನೆಯದು ಒಂದೊಂದು ಸಂದರ್ಭಕ್ಕೆ. ಎಸೆಪ್ರೊಮೇಜಿನ್ ಎಂಬ ಮಂಪರು ಔಷಧವೊಂದನ್ನೇ ಬರೆದುಕೊಟ್ಟರೆ ಮರುಪ್ರಶ್ನೆ ಕೇಳಿ. ಅದು ಕೈಕಾಲನ್ನು ನಿಧಾನ ಮಾಡುತ್ತದೆ, ಭಯವನ್ನು ತಗ್ಗಿಸುತ್ತದೆಂದು ನಂಬುವಂತಿಲ್ಲ. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಡಬೇಡಿ.

ವೈದ್ಯರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಮತ್ತು ವಿಡಿಯೋಗಳು ಜತೆಗಿರಲಿ. ಕಾಯುವ ಕೋಣೆಯಲ್ಲಿ ಬೇರೆ ನಾಯಿಗಳಿದ್ದರೆ ನಿಮ್ಮ ಸರದಿ ಬರುವವರೆಗೆ ಹೊರಗೇ, ಗಾಡಿಯಲ್ಲಿ ಅಥವಾ ನೆರಳಿನಲ್ಲಿ ಅದರ ಜತೆ ಕಾಯುತ್ತೇವೆಂದು ಮುಂಚೆಯೇ ಹೇಳಿಡಿ.